ಗಡಿಯಲ್ಲಿ ನಿಂತ ಮದುಮಗ

ರತನ್ ಫೋನ್ ಮಾಡಿದಾಗ ನಾನು ಕುಂದಾಪುರದ ನನ್ನ ಲಾರಿ ಬುಕಿಂಗ್ ಆಫೀಸಿನಲ್ಲಿ ಕೂತು ಅವನದೇ ಮದುವೆಯ ಕಾಗದಗಳ ಮೂಲೆಗೆ ಅರಿಶಿನ ಹಚ್ಚುತ್ತಿದ್ದೆ. ರತನ್ ಅಂದರೆ ನನ್ನ ತಂಗಿಯ ಮಗಳು ಸೌಜನ್ಯಳಿಗೆ ನಿಶ್ಚಯವಾದ ಗಂಡು. ಉಪ್ಪುಂದದವನು, ದುಬಾಯಿಯ ಒಂದು ಕಂಪನಿಯಲ್ಲಿ ಟ್ರೈಲರ್ ಡ್ರೈವರ್. ಕಡಲ ಕಸುಬಿನ ನಮ್ಮ ಜನರಲ್ಲಿ ಮದುವೆಯ ವಿಷಯಕ್ಕೆ ಸೋದರಮಾವನೇ ಯಜಮಾನ. ಹಾಗಾಗಿ ಸಿಹಿ ಸುದ್ದಿಯೆಲ್ಲ ಹುಡುಗಿಯ ಮೊಬೈಲಿಗೆ ಹೋಗುತ್ತಿತ್ತು, ಕೆಟ್ಟದ್ದು ನೇರ ನನ್ನ ಕಿವಿಗೆ ಬರುತ್ತಿತ್ತು. ಇದು ಎರಡು ಸಾವಿರದ ಆರನೇ ಇಸವಿಯ ಮಾತು.

"ಮಾವ, ನಾನ್ ಬಾರ್ಡರಂಗೆ ಸಿಕ್ಕಿಬಿದ್ದೆ," ಅಂದ.

"ಎಂತಕೆ? ಗಾಡಿ ಯಾರಿಗಾರೂ ತಾಗ್ಸಿದ್ಯಾ?"

"ಇಲ್ಲೆ ಮಾವ. ಗೋವರ್ಧನನ ಟ್ರೈಲರ್ ಎಳ್ಕಂಡ್ ಬಂದೆ."

ಎಳೆದುಕೊಂಡು ಬಂದದ್ದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ನನ್ನ ತಂಗಿ ಕೇಳಿದಳು, ತಂಗಿಯ ನೆರೆಕರೆಯವರು ಕೇಳಿದರು, ಮದುವೆಯ ಹಾಲಿನ ಮ್ಯಾನೇಜರನೂ ಕೇಳಿದ. ಎಲ್ಲರಿಗೂ ಹೇಳಿ ಹೇಳಿ ನನಗೆ ಅದು ಬಾಯಿಪಾಠವಾಗಿ ಹೋಗಿದೆ.

ದುಬಾಯಿಯಲ್ಲಿ ಹಡಗಿನಿಂದ ಇಳಿದ ಸರಕು ರಸ್ತೆಯ ಮೇಲೆ ಜೋರ್ಡಾನಿಗೆ ಹೋಗಬೇಕಾದರೆ ನಡುವೆ ಸೌದಿಯ ಮರುಭೂಮಿಯನ್ನು ಉದ್ದಕ್ಕೂ ದಾಟಬೇಕು. ಸರಕು ಸೌದಿಗೆ ಸೇರಿದ್ದಲ್ಲ, ಬರೀ ಹಾದು ಹೋಗುವಂಥದ್ದು. ಹಾಗಾಗಿ ಸುಂಕವಿಲ್ಲ. ಆದರೆ ದಾರಿಯಲ್ಲಿ ಎಲ್ಲೂ ಇಳಿಸಿ ಮಾರಲಿಲ್ಲ ಅನ್ನುವುದಕ್ಕೆ ಸಾಕ್ಷಿ ಬೇಕಲ್ಲ? ಒಳಗೆ ಬರುವ ಗಡಿಯಲ್ಲಿ ಕಸ್ಟಮ್ಸಿನವರು ಟ್ರೈಲರಿನ ಬಾಗಿಲಿಗೆ ಸೀಲು ಹಾಕಿ, ಒಂದು ಸಾಗಣೆ ಪತ್ರ ಬರೆದು ಡ್ರೈವರನ ಕೈಗೆ ಕೊಡುತ್ತಾರೆ. ಅಲ್ಲಿನ ಡ್ರೈವರುಗಳ ಬಾಯಲ್ಲಿ ಅದು ಬಯಾನ್. ಮುಂದೆ ಎಳೆಯುವ ಇಂಜಿನ್ ಗಾಡಿ, ಅಂದರೆ ಹೆಡ್ಡಿನ ನಂಬರು, ಹಿಂದಿನ ಟ್ರೈಲರಿನ ನಂಬರು, ಸೀಲಿನ ನಂಬರು, ಡ್ರೈವರನ ಪಾಸ್‌ಪೋರ್ಟ್ ನಂಬರು ಎಲ್ಲ ಅದರಲ್ಲಿರುತ್ತವೆ. ಹೊರಗೆ ಹೋಗುವ ಗಡಿಗೆ ಈ ನಾಲ್ಕೂ ಒಟ್ಟಿಗೇ, ಹೇಳಿದ ದಿನದೊಳಗೆ ಬಂದು ಮುಟ್ಟಬೇಕು. ಮುಟ್ಟಿದರೆ ಠಸ್ಸೆ ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಒಂದು ತಪ್ಪಿದರೂ ನೀನು ನಡುವೆ ಏನೋ ಕಿತಾಪತಿ ಮಾಡಿದ್ದೀಯ ಎಂದೇ ಅರ್ಥ.

ನಮ್ಮಲ್ಲೂ ಇಂಥದ್ದೊಂದು ಇದೆ. ಕೇರಳದಿಂದ ಗೋವಾಕ್ಕೆ ಹೋಗುವ ಲಾರಿಗೆ ತಲಪಾಡಿಯಲ್ಲಿ ಪಾಸು ಕೊಡುತ್ತಾರೆ, ಅದನ್ನು ಗೋವಾದ ಗಡಿಯಲ್ಲಿ ಒಪ್ಪಿಸಬೇಕು. ಬ್ರಹ್ಮಾವರದಲ್ಲಿ ಊಟಕ್ಕೆ ನಿಲ್ಲಿಸಿ, ಪಾಸನ್ನು ಹೋಟೆಲಿನ ಮೇಜಿನ ಮೇಲೆ ಬಿಟ್ಟು, ಬೈಂದೂರಿಗೆ ಬಂದು ತಲೆ ಕೆರೆದುಕೊಂಡ ಡ್ರೈವರುಗಳನ್ನು ಬೇಕಾದಷ್ಟು ಕಂಡಿದ್ದೇನೆ. ಬಾಯಿ ತುಂಬ ಬೈದಿದ್ದೇನೆ ಕೂಡ.

ಇನ್ನು ನಮ್ಮ ಹುಡುಗ ಮಾಡಿದ ಘನಕಾರ್ಯ. ಅವನೂ ಬಾರ್ಕೂರಿನ ಗೋವರ್ಧನ ಅನ್ನುವವನೂ ಬೇರೆ ಬೇರೆ ಕಂಪನಿಯವರು. ಆದರೂ ಊರಿನವರೆಂದು ಆ ದಾರಿಯಲ್ಲಿ ಹಿಂದೆಮುಂದೆ ಹೋಗುವುದು ರೂಢಿ. ಜೋರ್ಡಾನಿನ ಕಡೆಯ ಗಡಿ ಇನ್ನೇನು ಬಂತು ಅನ್ನುವಾಗ ಗೋವರ್ಧನನ ಹೆಡ್ಡಿನ ಗೇರ್‌ಬಾಕ್ಸ್ ಒಡೆದು ಹೋಯಿತು. ಅವನ ಗಡುವು ಮರುದಿನಕ್ಕೆ ಮುಗಿಯುತ್ತಿತ್ತು. ಅಲ್ಲಿ ರಜೆಯ ದಿನ, ಕಂಪನಿಯಲ್ಲಿ ಫೋನ್ ಎತ್ತುವವರಿಲ್ಲ. ರತನ್ ತನ್ನ ಟ್ರೈಲರನ್ನು ಗಡಿಯ ಯಾರ್ಡಿನಲ್ಲಿ ಬಿಚ್ಚಿ ನಿಲ್ಲಿಸಿದ. ಬರೀ ಹೆಡ್ ತೆಗೆದುಕೊಂಡು ಹಿಂದೆ ಹೋದ. ಗೋವರ್ಧನನ ಟ್ರೈಲರನ್ನು ತನ್ನ ಹೆಡ್ಡಿಗೆ ಸಿಕ್ಕಿಸಿ, ಗೋವರ್ಧನನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಡಿಗೆ ತಂದ. ಕೆಟ್ಟ ಹೆಡ್ ಮರಳಿನ ನಡುವೆ ಒಂಟಿಯಾಗಿ ನಿಂತಿತ್ತು.

"ಸೀಲ್ ಒಡಿಲಿಲ್ಲೆ ಮಾವ. ಒಂದ್ ಡಬ್ಬಿ ಆಚೀಚೆ ಆಯ್ಲಿಲ್ಲೆ. ನಮ್ಮ್ ಕಡಲಂಗೆ ಹೀಂಗೇ ಮಾಡೂದ್ ಅಂತ ಆಫೀಸರಿಗೆ ಹೇಳ್ದೆ."

"ಅಂವ ಎಂತ ಅಂದ?"

"ಇದ್ ಕಡಲಲ್ಲ ಅಂದ."

ಆ ಆಫೀಸರನ ಮೇಲೆ ನನಗೆ ಒಂಚೂರೂ ಸಿಟ್ಟು ಬರಲಿಲ್ಲ. ಅವನ ಎದುರಿಗಿದ್ದದ್ದು ಏನು? ಒಂದು ಟ್ರೈಲರ್ ಬೇರೆ ಯಾರದೋ ಹೆಡ್ಡಿಗೆ ಸಿಕ್ಕಿಕೊಂಡು ಬಂದಿದೆ. ಪತ್ರದಲ್ಲಿರುವ ಒಂದು ಹೆಡ್ ನಾಪತ್ತೆ. ಇನ್ನೊಂದು ಹೆಡ್ ಗಡಿಗೆ ಬಂದದ್ದು ಮತ್ತೆ ಸೌದಿಯೊಳಗೆ ಹೋಗಿ ಸುತ್ತಾಡಿ ಬಂದಿದೆ. ಇಂಥ ಕಥೆಯನ್ನು ಯಾರಾದರೂ ನನ್ನ ಆಫೀಸಿಗೆ ಬಂದು ಹೇಳಿದರೆ ನಾನೂ ನಂಬುತ್ತಿರಲಿಲ್ಲ. ನನಗೆ ಸಿಟ್ಟು ಬಂದದ್ದು ರತನ್ ಮೇಲೆ. ಅಷ್ಟು ವರ್ಷ ಆ ಕಾಗದವನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗಿದವನು ಒಂದು ಸಲವಾದರೂ ಅದನ್ನು ಓದಿ ನೋಡಬಾರದೇ?

"ಗಾಡಿ ಅಲ್ಲೇ ಬಿಟ್ಟ್ ವಿಮಾನ ಹತ್ತ್ ಮಾರಾಯ. ಮದಿ ಹತ್ರ ಬಂತ್," ಅಂದೆ.

"ಆತಿಲ್ಲೆ ಮಾವ. ಪಾಸ್‌ಪೋರ್ಟಂಗೆ ಗಾಡಿ ನಂಬ್ರ ಹೊಡ್ದಿರ್. ಗಾಡಿ ಕಾಗ್ದ ಮುಗಿಯದೆ ನಾನ್ ಹೊರ್ಗೆ ಹೋಪುಕಿಲ್ಲೆ."

ಗಾಡಿಯೊಂದಿಗೆ ಒಳಗೆ ಹೋದವನು ಗಾಡಿಯೊಂದಿಗೇ ಹೊರಗೆ ಬರಬೇಕು, ಅಲ್ಲಿನ ನಿಯಮ ಅಷ್ಟೇ. ನಾನು ಅರಿಶಿನದ ಬಟ್ಟಲನ್ನು ಬದಿಗಿಟ್ಟು ಯಡ್ತರೆಗೆ ಹೊರಟೆ.

ಯಡ್ತರೆಯಲ್ಲಿ ತಂಗಿ ಕುಸುಮಾವತಿಯ ಮನೆ. ಗಂಡ ತೀರಿಕೊಂಡ ಮೇಲೆ ಮೀನಿನ ವ್ಯಾಪಾರ ಮಾಡಿಯೇ ಮಗಳನ್ನು ಓದಿಸಿದವಳು. ಸೌಜನ್ಯ ಕುಂದಾಪುರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಿದ್ದಳು. ನಾನು ಹೋದಾಗ ಅವಳಿನ್ನೂ ಕೆಲಸದಿಂದ ಬಂದಿರಲಿಲ್ಲ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು ಅಂದುಕೊಂಡೆ. ಕುಸುಮಾವತಿಗೆ ಬಯಾನಿನ ಪಾಠ ಶುರುವಿನಿಂದ ಮಾಡಿದೆ.

"ಕಾಗ್ದ ಹಂಚೂಕ್ ಶುರು ಆಯ್ತ್, ಹಾಲ್ ಬುಕ್ ಆಯ್ತ್," ಅಂದಳು. "ಈಗ ಮುಹೂರ್ತ ಮುಂದೆ ಹಾಕ್ರೆ ಜನ ಎಂತ ಹೇಳ್ತ್ರ್? ಹುಡ್ಗನ್ನ ಪೊಲೀಸ್ರ್ ಹಿಡ್ದಿರ್ ಅಂತ್ರ್."

"ಹಿಡ್ದದ್ದಲ್ಲ. ನಿಲ್ಸದ್ದ್."

"ಅಣ್ಣ, ಊರಿನ ಬಾಯಿಗೆ ಅದೆರ್ಡೂ ಒಂದೇ."

ಅದು ಸರಿಯೇ. ಹೇಗೂ ಇನ್ನೂ ಸಮಯವಿದೆ, ಕಂಪನಿಯವರು ಏನಾದರೂ ಮಾಡುತ್ತಾರೆ, ಕಾದು ನೋಡೋಣ ಎಂದು ತೀರ್ಮಾನಿಸಿದೆವು. ಸೌಜನ್ಯ ಬಂದ ಮೇಲೆ ಅವಳಿಗೂ ಹೇಳಿದೆವು. ಅವಳು ಚಪ್ಪಲಿ ಬಿಚ್ಚದೆ ನಿಂತೇ ಕೇಳಿದಳು. "ಅವ್ರಿಗೆ ಉಂಬುಕೆಲ್ಲ ಸಿಕ್ತಾ ಮಾವ?" ಎಂದಷ್ಟೇ ಕೇಳಿ ಒಳಗೆ ಹೋದಳು. ಆ ಹುಡುಗಿ ಮೊದಲಿನಿಂದಲೂ ಹಾಗೆ. ಮಾತು ಕಡಿಮೆ, ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಜಾಸ್ತಿ.

ಗಂಡಿನ ಕಡೆಗೂ ಹೇಳಬೇಕಲ್ಲ. ರತನ್‌ನ ಅಪ್ಪ ಕಿಟ್ಟಣ್ಣ ಒಂದು ಕಾಲದಲ್ಲಿ ಹೆಸರುವಾಸಿ ತಾಂಡೇಲ, ಅಂದರೆ ಬೋಟಿನ ಮುಖ್ಯಸ್ಥ. ಈಗ ಸೊಂಟ ಹಿಡಿದುಕೊಂಡು ದಡದಲ್ಲಿ ಬಲೆ ಹೆಣೆಯುತ್ತ ಕೂರುತ್ತಾನೆ. ಅವನು ನನ್ನ ಪಾಠವನ್ನು ಪೂರ್ತಿ ಕೇಳಿಸಿಕೊಂಡ. ಅರ್ಥವಾಗಲಿಲ್ಲ ಅಂತಲ್ಲ. ಅರ್ಥ ಮಾಡಿಕೊಳ್ಳುವ ಅಗತ್ಯವೇ ಅವನಿಗೆ ಕಾಣಲಿಲ್ಲ.

"ಹ್ವಾಯ್ ಚಂದಯ್ಯ, ಇಂಜಿನ್ ಕೆಟ್ಟ ಬೋಟನ್ನ ಕಡಲಂಗೆ ಬಿಟ್ಟ್ ಬಪ್ಪುದಾ?"

"ಅದ್ ರಸ್ತಿ, ಕಿಟ್ಟಣ್ಣ. ರಸ್ತಿಯಂಗೆ ಯಾರೂ ಮುಳ್ಗಿ ಸಾಯ್ತಿಲ್ಲೆ."

"ಗಡುವ್ ಮುಗ್ದ್ರೆ ಗೋವರ್ಧನ ಮುಳ್ಗ್ತಿದ್ನಾ ಇಲ್ಯಾ?"

ನಮ್ಮ ಕಡಲಿನಲ್ಲಿ ನಡೆಯುವುದು ಹೀಗೆಯೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೆಟ್ಟು ನಿಂತ ಬೋಟು ಕಂಡರೆ ಯಾರದು, ಎಲ್ಲಿಯದು, ಒಳಗೆ ಎಷ್ಟು ಮೀನಿದೆ ಎಂದು ಕೇಳುವ ಪದ್ಧತಿ ಇಲ್ಲ. ಹಗ್ಗ ಎಸೆಯುವುದು, ಎಳೆಯುವುದು. ಅವರ ಬಲೆಯನ್ನು ನಮ್ಮ ಬೋಟಿಗೆ, ನಮ್ಮ ಜನರನ್ನು ಅವರ ಬೋಟಿಗೆ ಹಾಕಿಕೊಂಡು ಬಂದದ್ದೂ ಇದೆ. ಹಾಗೆ ಬೆಳೆದವನಿಗೆ ಹೆಡ್ ಬದಲಾಯಿಸುವುದು ಅಂಗಿ ಬದಲಾಯಿಸಿದಷ್ಟು ಸಲೀಸಾಗಿ ಕಂಡಿರಬೇಕು. ಪಂಜಾಬಿನ ಡ್ರೈವರನೋ ಪಠಾಣನೋ ಆಗಿದ್ದರೆ ನೀರು, ರೊಟ್ಟಿ ಕೊಟ್ಟು, ಸಮಾಧಾನ ಹೇಳಿ ಮುಂದೆ ಹೋಗುತ್ತಿದ್ದ. ಆ ಟ್ರೈಲರನ್ನು ಮುಟ್ಟುತ್ತಿರಲಿಲ್ಲ.

ದಿನಗಳು ಹೋದವು. ರತನ್‌ನ ಕಂಪನಿ ತಪ್ಪು ಗೋವರ್ಧನನ ಕಂಪನಿಯದು ಅಂದಿತು, ಅವರು ಇವರತ್ತ ಬೆರಳು ತೋರಿಸಿದರು. ಕೆಟ್ಟ ಹೆಡ್ಡನ್ನು ಎಳೆದು ತಂದು ಯಾರ್ಡಿನಲ್ಲಿ ನಿಲ್ಲಿಸಿದರು. ಸೀಲುಗಳನ್ನು ಪರೀಕ್ಷಿಸಿ, ಸರಕು ಸರಿಯಿದೆ ಎಂದು ಒಪ್ಪಿದರು. ಆದರೆ ಸರಕು ಸರಿಯಿದ್ದ ಮಾತ್ರಕ್ಕೆ ಪತ್ರ ಸರಿಯಾಗುವುದಿಲ್ಲ. ರತನ್ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಯಾರ್ಡಿನಲ್ಲಿ ಟ್ರೈಲರಿನ ನೆರಳಿನಲ್ಲಿ ಚಾಪೆ ಹಾಸಿಕೊಂಡು ಇಬ್ಬರೂ ಗಂಜಿ ಬೇಯಿಸಿಕೊಳ್ಳುತ್ತಾರಂತೆ. ನಾನು ಬೈಯುವುದು, ಅವನು ಹೂಂಗುಟ್ಟುವುದು, ಇದೇ ಆಯಿತು.

ಕೊನೆಗೆ ಮದುವೆಗೆ ವಾರವಿದೆ ಅನ್ನುವಾಗ ಅವನ ಧ್ವನಿಯಲ್ಲಿ ಸ್ವಲ್ಪ ಜೀವ ಬಂದಿತ್ತು.

"ಮಾವ, ಒಬ್ಬನ್ನ ಬಿಡ್ತ್ರ್ ಅಂಬ್ರ್. ಕಾಗ್ದ ಮುಗಿವಲ್ಲಿ ತನ್ಕ ಎರಡೂ ಗಾಡಿಗೆ ಜವಾಬ್ದಾರಿ ಅಂತ ಸೈನ್ ಹಾಕಿ ಒಬ್ಬ ಇಲ್ಲೇ ಇರ್ಕ್ ಅಂಬ್ರ್."

"ಮತ್ತೆಂತ ಯೋಚ್ನಿ? ಗಾಡಿ ಕೆಟ್ಟದ್ದ್ ಅವಂದ್. ಅವ ಇರ್ಲಿ, ನೀನ್ ಹೊರಡ್."

"ಹೂಂ," ಅಂದ. ಮತ್ತೆ, "ಮುಂಬೈಯಿಂದ ಬಪ್ಪ ರೈಲಿಗೆ ಬೈಂದೂರ್ ಸ್ಟೇಷನ್ನಿಗೆ ಬನ್ನಿ ಮಾವ," ಎಂದು ದಿನ ಹೇಳಿದ.

ಆಮೇಲೆ ಅವನ ಮೊಬೈಲ್ ಹತ್ತಲಿಲ್ಲ. ಪ್ರಯಾಣದಲ್ಲಿ ಇದ್ದಾನಲ್ಲ ಅಂದುಕೊಂಡೆವು. ಕುಸುಮಾವತಿಯ ಅಂಗಳದಲ್ಲಿ ಚಪ್ಪರ ಎದ್ದಿತು. ಬಳೆಗಾರ ಬಂದು ಹೋದ. ಸೌಜನ್ಯ ಲ್ಯಾಬಿಗೆ ರಜೆ ಹಾಕಿದಳು. ಅವಳು ಹಾಡು ಗುನುಗುತ್ತ ಬಟ್ಟೆ ಒಣಗಿಸುವುದನ್ನು ನಾನು ಕಣ್ಣಾರೆ ಕಂಡೆ, ನನಗೂ ಖುಷಿಯಾಯಿತು. ಅಷ್ಟು ದಿನದಿಂದ ಎದೆಯ ಮೇಲೆ ಕೂತಿದ್ದ ಮೂಟೆ ಇಳಿದಂತಾಗಿತ್ತು.

ಮದುವೆಗೆ ಎರಡು ದಿನ ಇರುವಾಗ ನಾನೂ ಕಿಟ್ಟಣ್ಣನೂ ಬೆಳಗ್ಗೆ ಸ್ಟೇಷನ್ನಿಗೆ ಹೋದೆವು. ಕೊಲ್ಲೂರಿಗೆ ಹೋಗುವ ಯಾತ್ರಿಕರು ದಡದಡ ಇಳಿದು ಜೀಪುಗಳತ್ತ ಓಡಿದರು. ಗದ್ದಲ ಕರಗಿದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಉಳಿದ. ಕಪ್ಪಗೆ ಸುಟ್ಟ ಮುಖ, ಎರಡು ಕೈಯಲ್ಲೂ ಸೂಟ್‌ಕೇಸು. ನಮ್ಮನ್ನು ನೋಡಿ ಹತ್ತಿರ ಬಂದ.

"ಯಾರ್ ನೀವ್?" ಅಂದೆ.

"ನಾನ್ ಗೋವರ್ಧನ. ಬಾರ್ಕೂರಿನವ."

ಕಿಟ್ಟಣ್ಣ ಅವನ ಬೆನ್ನ ಹಿಂದೆ ರೈಲಿನ ಬಾಗಿಲುಗಳನ್ನೇ ನೋಡುತ್ತಿದ್ದ. "ನಮ್ಮ್ ರತನ್ ಹಿಂದಿನ ಡಬ್ಬಿಯಂಗೆ ಇದ್ನಾ?"

"ಇಲ್ಲೆ ದೊಡ್ಡಪ್ಪ. ಅವ ಅಲ್ಲೇ ಇದ್ದ."

ರೈಲು ಹೊರಟಿತು. ಕಿಟ್ಟಣ್ಣ ಕೊನೆಯ ಡಬ್ಬಿ ಹೋಗುವ ತನಕ ನೋಡಿದ, ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತ. ಗೋವರ್ಧನ ನೆಲ ನೋಡುತ್ತ ಹೇಳಿದ. ಅವನಿಗೆ ಒಬ್ಬಳು ಮಗಳು, ಅವನು ಗಲ್ಫಿಗೆ ಹೋದ ಮೇಲೆ ಹುಟ್ಟಿದವಳು. ಈಗ ನಡೆಯುತ್ತಾಳೆ, ಮಾತಾಡುತ್ತಾಳೆ. ಅವನು ಇನ್ನೂ ಅವಳ ಮುಖ ಕಂಡಿಲ್ಲ. ಯಾರ್ಡಿನಲ್ಲಿ ಮಲಗಿದಾಗ ಅದನ್ನು ರತನ್‌ಗೆ ಹೇಳಿದ್ದನಂತೆ. ಸಹಿ ಹಾಕುವ ದಿನ ರತನ್ ಇವನಿಗಿಂತ ಮೊದಲೇ ಆಫೀಸಿಗೆ ಹೋಗಿ ಹಿಂದಿನ ರಾತ್ರಿ ಅಂದಂತೆಯೇ ತಾನೇ ಉಳಿಯುತ್ತೇನೆಂದು ಸಹಿ ಹಾಕಿ ಬಂದಿದ್ದ.

ನನಗೆ ಕಿಡಿ ಹತ್ತಿದ ಹಾಗಾಯಿತು. ರತನ್ ಸುಳ್ಳು ಹೇಳಿರಲಿಲ್ಲ. ರೈಲಿಗೆ ಬನ್ನಿ ಅಂದಿದ್ದ, ನಾನು ಬರುತ್ತೇನೆ ಅಂದಿರಲಿಲ್ಲ. ಅಂಥ ಜಾಣತನ ಅವನಿಗೆ ಬಯಾನ್ ಓದುವಾಗ ಎಲ್ಲಿ ಹೋಗಿತ್ತು?

ಕಿಟ್ಟಣ್ಣ ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡ. "ಸಮ ಮಾಡ್ದ," ಅಂದ. "ಎಳ್ಕಂಡ್ ಬಂದ ಬೋಟನ್ನ ಮೊದ್ಲ್ ದಡದ ದಕ್ಕೆಗೆ ಕಟ್ಟೂದ್. ಎಳ್ದವ ಹೊರ್ಗೆ ನಿಲ್ಕ್." ಆ ಮಾತಿನಲ್ಲಿ ಮಗನ ಮೇಲೆ ಹೆಮ್ಮೆ, ಮಗ ಬರಲಿಲ್ಲ ಎಂಬ ಸಂಕಟ, ಎರಡೂ ಇತ್ತು.

ಗೋವರ್ಧನ ಅದೇ ರೈಲಿನಲ್ಲಿ ಬಾರ್ಕೂರಿನ ತನಕ ಹೋಗಬಹುದಿತ್ತು. ರತನ್‌ನ ಸೂಟ್‌ಕೇಸನ್ನು ಕೈಯಾರೆ ಮುಟ್ಟಿಸಬೇಕೆಂದು ಇಲ್ಲಿ ಇಳಿದಿದ್ದ. ಧಾರೆ ಸೀರೆ ಅದರಲ್ಲಿತ್ತು. ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಯಡ್ತರೆಗೆ ಹೋದೆವು.

ಚಪ್ಪರದ ಕೆಳಗೆ ಆಗಲೇ ಹತ್ತಿಪ್ಪತ್ತು ಜನ ಸೇರಿದ್ದರು. ಜೀಪಿನಿಂದ ಇಳಿದ ಗಂಡಸನ್ನು ಕಂಡು ಯಾರೋ ಹೆಂಗಸರು ಆರತಿ ತರಲು ಒಳಗೆ ಓಡಿದರು, ಅವರನ್ನು ನಾನೇ ಕೂಗಿ ನಿಲ್ಲಿಸಬೇಕಾಯಿತು. ವಿಷಯ ಹೇಳಿದೆ. ಕುಸುಮಾವತಿ ಕಂಬ ಹಿಡಿದು ನಿಂತಳು. ಆಮೇಲೆ ಒಬ್ಬೊಬ್ಬರಾಗಿ ಶುರು ಮಾಡಿದರು. ಎಂಥ ದೊಡ್ಡ ಮನಸ್ಸು, ಚಿನ್ನದಂಥ ಹುಡುಗ, ಈ ಕಾಲದಲ್ಲಿ ಯಾರು ಹೀಗೆ ಮಾಡುತ್ತಾರೆ. ಮದುವೆ ನಿಂತುಹೋಯಿತಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಹಾಗಾಗಿ ಅವನನ್ನು ಹೊಗಳಿದರು. ನಿಜ ಹೇಳಬೇಕೆಂದರೆ ನಾನೂ ಒಂದೆರಡು ಮಾತು ಸೇರಿಸಿದೆ.

ಸೌಜನ್ಯ ಬಾಗಿಲಲ್ಲಿ ಬಂದು ನಿಂತದ್ದನ್ನು ನಾನು ತಡವಾಗಿ ನೋಡಿದೆ. ಕೈತುಂಬ ಹೊಸ ಬಳೆ. ಅವಳು ನೇರ ಜಗಲಿಯಲ್ಲಿ ಚಾ ಕುಡಿಯುತ್ತ ಕೂತಿದ್ದ ಗೋವರ್ಧನನ ಎದುರಿಗೆ ಬಂದಳು.

"ಅವ್ರ್ ಇರ್ತೆ ಅಂದಾಗ ನೀವ್ ಬೇಡ ಅಂದ್ರ್ಯಾ?"

"ಅಂದೆ, ತಂಗಿ."

"ಎಷ್ಟ್ ಸಲ?"

ಗೋವರ್ಧನ ಚಾದ ಲೋಟವನ್ನು ಕೆಳಗಿಟ್ಟ. "ಒಂದ್ ಸಲ," ಅಂದ. ಪ್ರಾಮಾಣಿಕ ಮನುಷ್ಯ. ಅವನ ಕಣ್ಣಲ್ಲಿ ನೀರು ಬಂತು. ಇನ್ನೂ ಕಾಣದ ಮಗಳು ಇದ್ದರೆ ಎರಡನೆಯ ಸಲ ಬೇಡ ಅನ್ನಲು ನನ್ನಿಂದಲೂ ಆಗುತ್ತಿರಲಿಲ್ಲ.

"ಹೋಯ್ಲಿ. ನಿಮ್ದ್ ತಪ್ಪಲ್ಲ. ಚಾ ಕುಡಿನಿ," ಅಂದಳು ಸೌಜನ್ಯ. "ಅವ್ರಿಗೆ ಫೋನ್ ಮಾಡೂಕ್ ಆತ್ತಾ?"

ರತನ್ ಮೊಬೈಲನ್ನು ಬೇಕೆಂದೇ ಆರಿಸಿ ಇಟ್ಟಿದ್ದನಂತೆ. ಗಡಿಯ ಯಾರ್ಡಿನ ಪಕ್ಕದಲ್ಲಿ ಒಬ್ಬ ಮಲಯಾಳಿಯ ಚಾದಂಗಡಿ, ಅಲ್ಲಿಯ ನಂಬರನ್ನು ಗೋವರ್ಧನ ಕೊಟ್ಟ. ನನ್ನ ಮೊಬೈಲಿನಿಂದ ಹಚ್ಚಿದಳು. ಯಾರೋ ರತನ್‌ನನ್ನು ಕೂಗಿ ಕರೆದದ್ದು ನಮಗೂ ಕೇಳಿಸಿತು. ಚಪ್ಪರದ ಕೆಳಗಿನ ಅಷ್ಟೂ ಜನ ಹತ್ತಿರ ಸರಿದರು. ಅವಳು ಒಳಗೆ ಹೋಗಿ ಮಾತಾಡಲಿಲ್ಲ. ನಮ್ಮೆಲ್ಲರ ನಡುವೆ ನಿಂತೇ ಮಾತಾಡಿದಳು.

"ನಾನ್ ಸೌಜನ್ಯ. ಗೋವರ್ಧನಣ್ಣ ಬಂದ್ರ್. ಸೂಟ್‌ಕೇಸ್ ಸಿಕ್ತ್."

ಆ ಕಡೆಯಿಂದ ಬಂದ ಮಾತು ನನಗೆ ಕೇಳಲಿಲ್ಲ. ಕ್ಷಮೆ ಕೇಳುತ್ತಿದ್ದ ಎಂದು ಕಾಣುತ್ತದೆ, ಧ್ವನಿ ಹಾಗಿತ್ತು.

"ಇಲ್ಲೆಲ್ಲ ನಿಮ್ಮನ್ನ ಹೊಗ್ಳ್ತಿದ್ರ್," ಅಂದಳು. "ನೀವ್ ಒಳ್ಳೆಯವ್ರ್ ಅಂತ ನಂಗೂ ಗೊತ್ತಿತ್ತ್. ಆದ್ರೆ ನೀವ್ ಕೊಟ್ಟದ್ದ್ ನಿಮ್ದೊಂದೇ ಅಲ್ಲ. ಊರಿಗೆ ಬಪ್ಪ ಆ ಸರದಿಯಂಗೆ ಅರ್ಧ ನಂದ್. ನನ್ನ ಒಂದ್ ಮಾತ್ ಕೇಣ್ದೆ ಕೊಟ್ರಿ."

ಅವನು ಏನೋ ಅಂದ.

"ಈಗ ಎಂತ ಕೇಂಬುದ್? ಅವ್ರ್ ನಮ್ಮನಿ ಜಗ್ಲಿಯಂಗೆ ಕೂತ್ ಚಾ ಕುಡಿತಿದ್ರ್."

ಯಾರೋ ನಗಲು ಹೋಗಿ ತಡೆದುಕೊಂಡರು. ಸೌಜನ್ಯ ನಗಲಿಲ್ಲ. ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು, ಬಳೆ ಸದ್ದಾಯಿತು. ಕುಸುಮಾವತಿ ಹತ್ತಿರ ಹೋಗಲು ಹೊರಟಳು, ನಾನು ತಡೆದೆ.

"ಕಾಯ್ತೆ. ಕಾಯುದ್ ದೊಡ್ಡ್ ವಿಷ್ಯ ಅಲ್ಲ," ಅಂದಳು. "ನೀವ್ ಕೇಂಡಿದ್ರೆ ನಾನ್ ಬೇಡ ಅಂತಿದ್ನಾ? ಅಂತಿದ್ನಿಲ್ಲೆ. ಮಗು ಮುಖ ಕಾಣ್ಲಿ, ಅವ್ರನ್ನ ಕಳ್ಸಿ ಅಂತಿದ್ದೆ. ಆ ಮಾತ್ ನಂದಾಯಿ ಇರ್ತಿತ್ತ್. ಅದನ್ನೂ ನೀವೊಬ್ರೇ ಹೇಳಿ ಮುಗ್ಸಿದ್ರಿ."